ಕಣ್ಣಿನೊಳಗೆ ಉಳಿದ ಎಣ್ಣೆ

ನನ್ನ ಗಂಡನ ಬಲಗಣ್ಣಿನೊಳಗೆ ಎಣ್ಣೆ ತುಂಬಿದ್ದೇವೆ ಎಂದು ಡಾಕ್ಟರಮ್ಮ ಹೇಳಿದಾಗ ನಾನು ಮೊದಲು ಕೇಳಿದ್ದು, ಯಾವ ಎಣ್ಣೆ ಎಂದು. ಮೂವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಬೇರೇನು ಹೊಳೆಯಬೇಕು? ಡಾಕ್ಟರಮ್ಮ ನಗಲಿಲ್ಲ. ಔಷಧದ ಚೀಟಿ ಮಗುಚಿ, ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಗುಂಡಗಿನ ಚಿತ್ರ ಬರೆದರು.

"ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರೋ ತೆಳು ಪರದೆ ಇದು, ರೆಟಿನಾ. ಇವರದ್ದು ಹರಿದು, ಸುಕ್ಕಾಗಿ, ಒಳಕ್ಕೆ ಮಡಚಿಕೊಂಡಿತ್ತು. ಬಿಡಿಸಿ, ಸಪಾಟು ಮಾಡಿ, ಲೇಸರ್‌ನಲ್ಲಿ ಅಂಟಿಸಿದ್ದೀವಿ. ಗಟ್ಟಿಯಾಗಿ ಕೂತ್ಕೊಳ್ಳೋ ತನಕ ಒಳಗಿಂದ ಅದನ್ನ ಒತ್ತಿ ಹಿಡಿಯೋಕೆ ಏನಾದ್ರೂ ಬೇಕಲ್ಲ, ಅದಕ್ಕೆ ಈ ಸಿಲಿಕೋನ್ ಎಣ್ಣೆ."

"ಎಷ್ಟು ದಿನ ಇರತ್ತೆ?"

"ತಾನಾಗಿ ಹೋಗಲ್ಲಮ್ಮ. ನಾಲ್ಕು ತಿಂಗಳಿಗೆ ನಾವೇ ತೆಗೀಬೇಕು. ಹಾಗೇ ಬಿಟ್ಟರೆ ಎಣ್ಣೆ ಒಡೆದು ಸಣ್ಣ ಸಣ್ಣ ಹನಿ ಆಗತ್ತೆ. ಕಣ್ಣೊಳಗಿನ ನೀರು ಹೊರಗೆ ಹೋಗೋ ದಾರಿ ಕಟ್ಟಿಕೊಂಡು ಒತ್ತಡ ಏರತ್ತೆ. ಒತ್ತಡ ಏರಿದ್ರೆ ನರ ಸಾಯತ್ತೆ. ಹರಿದ ಪರದೆ ನಾನು ಹೊಲೀಬಹುದು, ಸತ್ತ ನರಕ್ಕೆ ನನ್ನ ಹತ್ರ ಏನೂ ಇಲ್ಲ."

ನಮ್ಮವರು ಪಕ್ಕದ ಮಂಚದಲ್ಲಿ ಬೋರಲು ಮಲಗಿದ್ದರು. ದಿಂಬಿನೊಳಗಿಂದಲೇ ಕೇಳಿದರು, "ತೆಗೆದಾಗ ಪರದೆ ಮತ್ತೆ ಬೀಳತ್ತಾ?"

"ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ ಬೀಳಬಹುದು ಯಜಮಾನ್ರೇ. ಬಿದ್ರೆ ಮತ್ತೆ ಕೂರಿಸೋಣ."

ಒಂದೇ ಕೋಣೆಯಲ್ಲಿ, ಒಂದೇ ಬಾಯಿಂದ ಬಂದ ಮಾತು. ನನ್ನ ಕಿವಿಗೆ ನಾಲ್ಕು ತಿಂಗಳು ಎಂಬುದು ಬಿತ್ತು, ಅವರ ಕಿವಿಗೆ ಬಿದ್ದದ್ದು ಆ ಒಬ್ಬರೋ ಇಬ್ಬರೋ. ಅದು ನನಗೆ ತಿಳಿಯುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು.

ಹೊರಡುವಾಗ ಡಾಕ್ಟರಮ್ಮ ನನ್ನನ್ನು ಬಾಗಿಲ ಹೊರಗೆ ಕರೆದರು. "ಇವರಿಗೆ ಇರೋದು ಇದೊಂದೇ ಕಣ್ಣು. ಇಂಥವರು ಕಾಣದೇ ಇದ್ರೂ ಚೆನ್ನಾಗಿದೆ ಅಂತಾರೆ. ಅವರ ಮಾತು ನಂಬಬೇಡಿ. ನೀವು ನೋಡ್ಕೊಳ್ಳಿ." ನಾನು ತಲೆಯಾಡಿಸಿದೆ. ಗಂಡನ ಮಾತು ನಂಬಬೇಡಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮವರು ಗಡಿಯಾರ ರಿಪೇರಿ ಮಾಡುವವರು. ಬೀದಿಯವರೆಲ್ಲ ಟಿಕ್‌ಟಿಕ್ ಯಜಮಾನರು ಎಂದೇ ಕರೆಯುವುದು. ಎಡಗಣ್ಣು ಹೋಗಿ ಇಪ್ಪತ್ತಾರು ವರ್ಷವಾಯಿತು. ಒಂದು ಹಳೆಯ ಟೇಬಲ್ ಗಡಿಯಾರದ ಸ್ಪ್ರಿಂಗ್ ಬಿಚ್ಚುವಾಗ ಅದು ಕೈತಪ್ಪಿ ಹಾರಿ ನೇರ ಕಣ್ಣಿಗೆ ಬಡಿದಿತ್ತು. ಅವತ್ತಿನಿಂದ ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳುಕಾಳಿಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಮನೆ ನಡೆಸಿದರು, ಮಗಳನ್ನು ಓದಿಸಿದರು, ಮದುವೆ ಮಾಡಿದರು. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಮೂರು ಕೋಣೆಗಳ ಗೋಡೆಯ ಮೇಲೂ ಗಡಿಯಾರಗಳೇ.

ಎರಡು ವಾರ ಹಗಲೂ ರಾತ್ರಿ ಮುಖ ಕೆಳಗೆ ಹಾಕಿಯೇ ಇರಬೇಕು ಎಂದಿದ್ದರು. ಎಣ್ಣೆ ನೀರಿನ ಮೇಲೆ ತೇಲುವ ವಸ್ತು, ಮುಖ ಕೆಳಗಿದ್ದರೆ ಅದು ಮೇಲೆದ್ದು ಹಿಂದಿನ ಪರದೆಯನ್ನು ಒತ್ತಿ ಹಿಡಿಯುತ್ತದಂತೆ. "ನಲವತ್ತು ವರ್ಷ ತಲೆ ತಗ್ಗಿಸಿಯೇ ಬದುಕಿದ್ದೀನಿ, ಇನ್ನೆರಡು ವಾರ ನನಗೇನು ದೊಡ್ಡದಲ್ಲ" ಎಂದರು. ಮೂರನೇ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಈ ಮಹಾರಾಯರು ಅಂಗಡಿಯ ಮೇಜಿನ ಮುಂದೆ ಕುಳಿತು, ತಲೆ ತಗ್ಗಿಸಿ, ಒಂದು ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದರು. ಮುಖ ಕೆಳಗಿದೆಯಲ್ಲ, ಡಾಕ್ಟ್ರು ಹೇಳಿದ್ದು ಇಷ್ಟೇ ತಾನೇ ಎಂದು ವಾದ ಬೇರೆ. ಚಿಮಟ ಕಿತ್ತುಕೊಂಡು ಅಕ್ಕಿಡಬ್ಬದಲ್ಲಿ ಹುಗಿದಿಟ್ಟೆ. "ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋದು ಅಂದ್ರೆ ಇದೇ ಏನೇ?" ಎಂದು ನಕ್ಕರು. ನಾನೂ ನಕ್ಕೆ.

ಡಾಕ್ಟರಮ್ಮ ನೋಡಿಕೊಳ್ಳಿ ಎಂದರಲ್ಲ, ಹೇಗೆ ನೋಡಬೇಕು ಎಂದು ನನಗೆ ನಾನೇ ಒಂದು ದಾರಿ ಕಂಡುಕೊಂಡೆ. ಮಲಗುವ ಕೋಣೆಯಲ್ಲಿ ಮಂಚದ ಎದುರಿಗೆ ಒಂದು ದುಂಡು ಗಡಿಯಾರವಿತ್ತು. ಸೆಲ್ಲಿನಿಂದ ಓಡುವಂಥದ್ದು, ಟಿಕ್ ಎನ್ನುವುದಿಲ್ಲ, ಗಂಟೆ ಹೊಡೆಯುವುದಿಲ್ಲ. ಬೇಕೆಂದೇ ಅದನ್ನು ಆರಿಸಿದೆ, ಕಿವಿಯಿಂದ ಮೋಸ ಮಾಡಲು ಬಾರದಿರಲಿ ಎಂದು. ದಿನಾ ಬೆಳಿಗ್ಗೆ ಅವರು ಎದ್ದು ಕುಳಿತ ಕೂಡಲೇ ಕೇಳುತ್ತಿದ್ದೆ.

"ಗಂಟೆ ಎಷ್ಟು?"

"ಆರು ಹದಿನೈದು."

ನಾನು ತಿರುಗಿ ನೋಡುತ್ತಿದ್ದೆ. ಆರು ಹದಿನೈದೇ ಆಗಿರುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಗೀಟು ಎಳೆಯುತ್ತಿದ್ದೆ. ಮೊದಲ ತಿಂಗಳು ಆಸ್ಪತ್ರೆಗೆ ಹೋದಾಗ ಪರದೆ ಚೆನ್ನಾಗಿ ಕೂತಿದೆ ಎಂದರು. ಎರಡನೇ ತಿಂಗಳೂ ಹಾಗೆಯೇ. ಮೂರನೇ ತಿಂಗಳು ಕಣ್ಣಿನ ಒತ್ತಡ ಸ್ವಲ್ಪ ಜಾಸ್ತಿ ಇದೆ ಎಂದು ದಿನಕ್ಕೆರಡು ಸಲ ಹಾಕಲು ಹನಿ ಕೊಟ್ಟು, ಎಣ್ಣೆ ತೆಗೆಯಲು ಮುಂದಿನ ತಿಂಗಳ ಒಂದು ಮಂಗಳವಾರ ಗೊತ್ತುಮಾಡಿದರು.

ಆ ಮಂಗಳವಾರ ನಾವು ಹೋಗಲಿಲ್ಲ.

ಹಿಂದಿನ ದಿನ ನಾನು ಚೀಲ ತುಂಬಿಸಿಟ್ಟಿದ್ದೆ. ನಮ್ಮವರು ಊಟ ಮಾಡಿ ಕೈ ತೊಳೆದು ಬಂದು ಚೀಲದ ಪಕ್ಕ ಕುಳಿತರು. "ನಾನು ಒಂದು ಮಾತು ಹೇಳ್ತೀನಿ. ಓಡ್ತಿರೋ ಗಡಿಯಾರನ ನಾನು ಇಲ್ಲಿವರೆಗೂ ಬಿಚ್ಚಿಲ್ಲ. ಗಿರಾಕಿ ಬಂದು ಒಂದ್ಸಲ ಕ್ಲೀನ್ ಮಾಡಿ ಅಂದ್ರೂ, ಓಡ್ತಿದೆಯಲ್ಲ ತಗೊಂಡು ಹೋಗಿ ಅಂತೀನಿ. ಬಿಚ್ಚಿದ್ರೆ ಏನು ಎಲ್ಲಿ ಹಾರತ್ತೋ ಯಾರಿಗೆ ಗೊತ್ತು? ಈಗ ನನಗೆ ಕಾಣ್ತಿದೆ. ಯಾಕೆ ಕೈ ಹಾಕಿಸ್ಬೇಕು?"

"ಡಾಕ್ಟ್ರಿಗಿಂತ ನಿಮಗೆ ಹೆಚ್ಚು ಗೊತ್ತಾ?"

"ಕಣ್ಣು ಅವರದ್ದಾ ನನ್ನದಾ?"

ನಾನು ಜಗಳಕ್ಕೆ ಹಿಂಜರಿಯುವವಳಲ್ಲ. ಆದರೆ ಕ್ಯಾಲೆಂಡರಿನ ಕಡೆ ನೋಡಿದೆ. ಅಷ್ಟೂ ದಿನ ಗೀಟುಗಳು, ಒಂದೂ ತಪ್ಪಿಲ್ಲ. ಕಾಣುತ್ತಿರುವುದಂತೂ ನಿಜ ತಾನೇ ಎನಿಸಿತು. ಒಂದು ತಿಂಗಳು ಹೆಚ್ಚುಕಡಿಮೆಯಾದರೆ ಏನಾದೀತು ಎಂದು ಚೀಲ ಬಿಚ್ಚಿ ಬಟ್ಟೆ ಮಡಚಿಟ್ಟೆ. ಬುಧವಾರ ಆಸ್ಪತ್ರೆಯಿಂದ ನರ್ಸಮ್ಮ ಫೋನ್ ಮಾಡಿದರು. ನಾನೇ ತೆಗೆದುಕೊಂಡು, "ದಿನಾ ನೋಡ್ತಿದ್ದೀನಿ ತಾಯಿ, ನಿಮಿಷ ಸಮೇತ ಹೇಳ್ತಾರೆ" ಎಂದೆ. ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಕಾಣ್ತಿದ್ರೂ ಬರಲೇಬೇಕಮ್ಮ ಎಂದು ಅವರು ಎರಡು ಸಲ ಹೇಳಿದರು. ಮುಂದಿನ ತಿಂಗಳು ಖಂಡಿತ ಎಂದೆ. ಮುಂದಿನ ತಿಂಗಳೂ ಅದನ್ನೇ ಹೇಳಿದೆ. ಹನಿಯ ಶೀಶೆ ಮುಗಿದದ್ದು ಯಾವಾಗ ಎಂಬುದು ಈಗ ನೆನಪಿಲ್ಲ.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ಎಲ್ಲವೂ ನನ್ನ ಕಣ್ಣೆದುರಿಗೇ ನಡೆಯಿತು. ಐದನೇ ತಿಂಗಳು ಅವರು ಹೆಂಗಸರ ಕೈಗಡಿಯಾರಗಳನ್ನು ವಾಪಸ್ ಕಳಿಸತೊಡಗಿದರು, ಬಿಡಿಭಾಗ ಸಿಗೋದಿಲ್ಲ ಎಂದು. ಆಮೇಲೆ ಗಂಡಸರದ್ದನ್ನೂ. ಗೋಡೆ ಗಡಿಯಾರ ಮಾತ್ರ ತೆಗೆದುಕೊಳ್ಳುತ್ತಿದ್ದರು. ಅದರ ಹಲ್ಲುಚಕ್ರಗಳು ದೊಡ್ಡವು, ಬೆರಳಿಗೆ ಸಿಗುತ್ತವೆ. ಹಗಲು ಹೊತ್ತಿನಲ್ಲೂ ಮೇಜಿನ ದೀಪ ಉರಿಯುತ್ತಿತ್ತು. ದೀಪದ ಸುತ್ತ ಬಣ್ಣದ ಬಳೆ ಕಾಣತ್ತೆ ಕಣೇ, ಚೆಂದ ಇದೆ ಎಂದು ಒಂದು ಸಲ ಹೇಳಿದರು. ಎದ್ದ ಕೂಡಲೇ ಹುಬ್ಬಿನ ಮೇಲೆ ಹೆಬ್ಬೆರಳು ಒತ್ತಿಕೊಂಡು ಕೂರುವುದು ಅಭ್ಯಾಸವಾಯಿತು. ಒಂದೆರಡು ಸಲ ಬರೀ ಹೊಟ್ಟೆಯಲ್ಲಿ ವಾಂತಿ ಮಾಡಿಕೊಂಡರು. ಪಿತ್ತ ಎಂದು ನಿಂಬೆಹಣ್ಣು ಹಿಂಡಿಕೊಟ್ಟೆ.

ಒಂದು ದಿನ ನಾನು ಪೇಪರ್ ಹಿಡಿದುಕೊಂಡು ಅವರ ಹತ್ತಿರ ಹೋದೆ. ದಪ್ಪಕ್ಷರದ ಸಾಲೊಂದನ್ನು ಓದಿಸಬೇಕೆಂದು ಅಡುಗೆಮನೆಯಲ್ಲಿ ನಿಂತೇ ತೀರ್ಮಾನ ಮಾಡಿಕೊಂಡಿದ್ದೆ. ಅವರು ನನ್ನ ಹೆಜ್ಜೆಯ ಸದ್ದಿಗೆ ಮುಖ ಎತ್ತಿದರು. ಆ ಕಣ್ಣು ನನ್ನ ಮುಖದ ಮೇಲೆ ನಿಲ್ಲದೆ, ನನ್ನ ಕಿವಿಯ ಪಕ್ಕಕ್ಕೆ ಎಲ್ಲೋ ನೋಡುತ್ತಿತ್ತು. ನನಗೆ ಹೆದರಿಕೆಯಾಯಿತು. ಪೇಪರನ್ನು ಬೆನ್ನ ಹಿಂದೆ ಮಾಡಿಕೊಂಡು, ಟೀ ಕುಡೀತೀರಾ ಎಂದು ಕೇಳಿ ಹಿಂದಿರುಗಿದೆ. ಮರುದಿನ ಬೆಳಿಗ್ಗೆ ಮತ್ತೆ ಗಂಟೆ ಎಷ್ಟು ಎಂದೆ, ಸರಿಯಾದ ಗಂಟೆ ಹೇಳಿದರು, ಗೀಟು ಎಳೆದೆ. ಆ ಗೀಟು ಎಳೆಯುವಾಗ ಎಷ್ಟು ಸಮಾಧಾನವಾಗುತ್ತಿತ್ತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಎಂಟನೇ ತಿಂಗಳು ಮಗಳು ನಾಲ್ಕು ದಿನಕ್ಕೆಂದು ಬಂದಳು. ಬಂದ ಸಂಜೆಯೇ ಅಪ್ಪನ ಎದುರು ಕುಳಿತು ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ಬಗ್ಗಿ ಅವರ ಕಣ್ಣನ್ನೇ ನೋಡಿದಳು. ಆಮೇಲೆ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಮ್ಮಾ, ಅಪ್ಪನ ಕಣ್ಣೊಳಗೆ ಏನೋ ತೇಲ್ತಿದೆ."

"ಏನು ತೇಲತ್ತೆ? ಎಣ್ಣೆ ಹಾಕಿದ್ದಾರಲ್ಲ."

"ಕರೀಗುಡ್ಡೆ ಮೇಲುಗಡೆ ಬೆಳ್ಳಗೆ ಒಂದು ಗೆರೆ ಇದೆ. ಹಾಲಿನ ನೊರೆ ಥರ. ನೀನು ನೋಡಿಲ್ವಾ?"

"ದಿನಾ ನೋಡ್ತೀನಿ" ಎಂದು ಗದರಿದೆ. "ನಾಲ್ಕು ದಿನ ಇರೋಕೆ ಬಂದಿದ್ದೀಯ, ಬಂದ ತಕ್ಷಣ ಇಲ್ಲದ್ದು ಹುಡುಕಬೇಡ. ಬೆಳಿಗ್ಗೆ ನೀನೇ ಇದ್ದು ಕೇಳು, ನಿಮಿಷ ತಪ್ಪದೆ ಹೇಳ್ತಾರೆ."

ಮರುದಿನ ಬೆಳಿಗ್ಗೆ ಅವರು ಎದ್ದು ಕುಳಿತರು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ನಾನು ಅವಳ ಕಡೆ ನೋಡುತ್ತಲೇ, ಸ್ವಲ್ಪ ಜಂಬದಿಂದಲೇ ಕೇಳಿದೆ.

"ಗಂಟೆ ಎಷ್ಟು?"

"ಆರು ಇಪ್ಪತ್ತು."

"ನೋಡಿದ್ಯಾ?" ಎಂದೆ ಮಗಳಿಗೆ. ಅವಳು ಗೋಡೆ ನೋಡುತ್ತಿದ್ದಳು. ನಾನೂ ತಿರುಗಿದೆ. ದುಂಡು ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ಇದೆ ಎನ್ನುತ್ತಿತ್ತು. ಸೆಕೆಂಡಿನ ಮುಳ್ಳು ನಿಂತಲ್ಲೇ ಒದ್ದಾಡುತ್ತಿತ್ತು. ಸೆಲ್ಲು ಮುಗಿದಿತ್ತು.

ಇನ್ನೊಂದು ಸಲ ಕೇಳಿದೆ, "ಸರಿಯಾಗಿ ನೋಡಿ ಹೇಳ್ರೀ, ಎಷ್ಟು?"

ಅವರು ಗಡಿಯಾರದ ಕಡೆಗೇ ಮುಖ ಮಾಡಿದರು. ಹುಬ್ಬು ಗಂಟಿಕ್ಕಿದರು, ಕಣ್ಣು ಕಿರಿದು ಮಾಡಿದರು, ನೋಡುವವರು ಮಾಡುವುದನ್ನೆಲ್ಲ ಮಾಡಿದರು. "ಆರು ಇಪ್ಪತ್ತೊಂದು" ಎಂದರು.

ಅಂಗಡಿಯ ಕೋಣೆಯಿಂದ ಉಳಿದ ಗಡಿಯಾರಗಳ ಸದ್ದು ಕೇಳಿಸುತ್ತಿತ್ತು. ಕಾಲುಗಂಟೆಗೊಮ್ಮೆ ಹೊಡೆಯುವುದೊಂದು, ಅರ್ಧಗಂಟೆಗೊಮ್ಮೆ ಹೊಡೆಯುವುದೊಂದು, ಮೊದಲ ಬಸ್ಸು ತಿರುಗುವ ಸದ್ದು, ಪಕ್ಕದ ಮನೆಯ ನೀರಿನ ಪಂಪು. ನಲವತ್ತು ವರ್ಷ ಈ ಸದ್ದುಗಳ ನಡುವೆ ಬದುಕಿದ ಮನುಷ್ಯನಿಗೆ ಗಂಟೆ ಹೇಳಲು ಕಣ್ಣೇ ಬೇಕಾಗಿರಲಿಲ್ಲ. ಸದ್ದಿಲ್ಲದ ಗಡಿಯಾರ ಆರಿಸಿದ ನನ್ನ ಜಾಣತನಕ್ಕೆ ಬೆಂಕಿ ಬೀಳಲಿ. ಮಗಳು ಕುರ್ಚಿ ಎಳೆದು ಹತ್ತಿ, ಗಡಿಯಾರ ಇಳಿಸಿ, ಅವರ ತೊಡೆಯ ಮೇಲೆ ಇಟ್ಟಳು. ಅವರು ಅಂಚಿನ ಮೇಲೆ ಬೆರಳಾಡಿಸಿ, ಹಿಂದೆ ತಿರುಗಿಸಿ, ಸೆಲ್ಲು ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು.

"ಯಾವಾಗಿನಿಂದ?" ಎಂದೆ.

"ದೊಡ್ಡ ಮುಳ್ಳು ಹೋಗಿ ಮೂರು ತಿಂಗಳಾಯ್ತು. ಗಡಿಯಾರವೇ ಹೋಗಿ ಎರಡು."

"ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ?"

"ಹೇಳಿದ್ರೆ ನೀನು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಎಣ್ಣೆ ತೆಗೀತಿದ್ರು. ತೆಗೆದಾಗ ಪರದೆ ಬಿದ್ರೆ ಇರೋದೂ ಹೋಗತ್ತೆ ಅಂತ ಅಂದ್ಕೊಂಡೆ. ಆವಾಗ ನಿನ್ನ ಮುಖ ಕಾಣ್ತಿತ್ತು. ಅಷ್ಟಾದರೂ ಉಳೀಲಿ ಅಂತ." ಸೆಲ್ಲನ್ನು ಅಂಗೈಯಲ್ಲಿ ಹೊರಳಿಸುತ್ತ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು, "ನೀನೂ ದಿನಾ ಅದೊಂದನ್ನೇ ಕೇಳ್ತಿದ್ದೆ. ಬೇರೆ ಏನೂ ಕೇಳ್ಲಿಲ್ಲ. ನಿನಗೂ ಗೊತ್ತಿರ್ಬೇಕು ಅಂದ್ಕೊಂಡೆ."

ನನಗೆ ಗೊತ್ತಿತ್ತು. ಪೇಪರನ್ನು ಬೆನ್ನ ಹಿಂದೆ ಮಾಡಿದ ದಿನವೇ ಗೊತ್ತಿತ್ತು.

ಒಂಬತ್ತು ಗಂಟೆಗೆ ಆಸ್ಪತ್ರೆಯಲ್ಲಿದ್ದೆವು. ಡಾಕ್ಟರಮ್ಮ ಯಂತ್ರದ ಹಿಂದೆ ಕುಳಿತು ಬಹಳ ಹೊತ್ತು ನೋಡಿದರು. ಇಪ್ಪತ್ತರೊಳಗೆ ಇರಬೇಕಾದ ಒತ್ತಡ ಐವತ್ತರ ಹತ್ತಿರ ಹೋಗಿತ್ತು. ಎಣ್ಣೆ ಪುಡಿಪುಡಿಯಾಗಿ ಕಣ್ಣಿನ ಮುಂಭಾಗಕ್ಕೂ ಬಂದು ಮೇಲೆ ತೇಲುತ್ತಿದೆ ಎಂದರು. ಮಗಳು ಹೇಳಿದ ಬಿಳಿ ಗೆರೆ ಅದೇ. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕಡತ ತೆಗೆದು, ನಾನು ಫೋನಿನಲ್ಲಿ ಹೇಳಿದ್ದನ್ನು ನರ್ಸಮ್ಮ ಬರೆದಿಟ್ಟ ಸಾಲನ್ನು ಓದಿ, ನನ್ನ ಕಡೆ ನೋಡಿ, ಕಡತ ಮುಚ್ಚಿದರು.

"ಪರದೆ ಏನಾಗಿದೆ?" ಎಂದು ನಮ್ಮವರು ಕೇಳಿದರು.

"ಪರದೆ ಗಟ್ಟಿಯಾಗಿ ಕೂತಿದೆ ಯಜಮಾನ್ರೇ. ನಾಲ್ಕನೇ ತಿಂಗಳಲ್ಲಿ ಎಣ್ಣೆ ತೆಗೆದಿದ್ರೆ ಬೀಳ್ತಿರಲಿಲ್ಲ ಅನ್ಸತ್ತೆ."

ಅದನ್ನು ಕೇಳಿದಾಗ ಅವರ ಮುಖ ಹೇಗಾಯಿತು ಎಂದು ನಾನು ಬರೆಯಲಾರೆ.

ಒತ್ತಡ ಇಳಿಸುವ ಔಷಧ ಅವತ್ತೇ ಕೊಟ್ಟರು, ಮರುದಿನ ಎಣ್ಣೆ ತೆಗೆದರು. ನರದಲ್ಲಿ ಎಷ್ಟು ಜೀವ ಉಳಿದಿದೆ ಎಂದು ಪಟ್ಟಿ ಬಿಚ್ಚಿದಾಗಲೇ ಗೊತ್ತಾಗುವುದು, ಉಳಿದದ್ದನ್ನು ಕಾಪಾಡಲು ಎಷ್ಟು ಕಾಣುತ್ತಿದೆ ಎಂಬ ಸತ್ಯ ನನಗೆ ಬೇಕು ಎಂದರು ಡಾಕ್ಟರಮ್ಮ. ಸತ್ಯ ಎಂಬ ಮಾತನ್ನು ಅವರು ನಿಧಾನವಾಗಿ, ನಮ್ಮಿಬ್ಬರಿಗೂ ಕೇಳುವಂತೆ ಹೇಳಿದರು.

ಮೂರನೆಯ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೂಲು, ದೊಡ್ಡ ಕಿಟಕಿ. ನಾನು ಮಂಚದ ಅಂಚಿನಲ್ಲಿ ಅವರ ಪಕ್ಕ ಕುಳಿತಿದ್ದೆ, ಅವರ ಕೈ ನನ್ನ ಕೈಯೊಳಗೆ ಹೊದಿಕೆಯ ಕೆಳಗಿತ್ತು. ಡಾಕ್ಟರಮ್ಮ ಅವರ ಮುಖದ ಮುಂದೆ ಎರಡು ಬೆರಳು ಎತ್ತಿದರು.

"ಎಷ್ಟು ಬೆರಳು, ಹೇಳಿ?"

ಅವರು ದನಿ ಬಂದ ಕಡೆಗೆ ಮುಖ ಚಾಚಿ ಕಣ್ಣು ಕಿರಿದು ಮಾಡಿದರು. ನನ್ನ ಹೆಬ್ಬೆರಳು, ದೇವರಾಣೆ ನಾನು ಯೋಚಿಸಿ ಮಾಡಿದ್ದಲ್ಲ, ಅವರ ಅಂಗೈಯನ್ನು ಎರಡು ಸಲ ಒತ್ತಿತು.

"ಎರಡು" ಎಂದರು.

ಡಾಕ್ಟರಮ್ಮನ ಮುಖ ಅರಳಿತು. ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ನರ್ಸಮ್ಮ ಬರೆದುಕೊಳ್ಳಲು ಪೆನ್ನು ತೆಗೆದರು. ನನಗೆ ಒಂದು ಕ್ಷಣ ಆ ಗೀಟು ಎಳೆದಾಗಿನ ಸಮಾಧಾನವೇ ಆಯಿತು, ಅದರ ಬೆನ್ನಿಗೇ ನರ್ಸಮ್ಮನ ಕಡೆ ಇನ್ನೊಂದು ಕೈ ಎತ್ತಿದೆ.

"ಬರೀಬೇಡಿ" ಎಂದೆ. "ನಾನು ಕೈ ಒತ್ತಿ ಹೇಳಿಕೊಟ್ಟೆ."

ನಮ್ಮವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದರು, ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕಾಯಿತು. ಡಾಕ್ಟರಮ್ಮ ನನಗೆ ಎದುರುಗಡೆ ಹೋಗಿ ನಿಲ್ಲುವಂತೆ ಸನ್ನೆ ಮಾಡಿದರು. ನಾನು ಎದ್ದು ಹೋಗಿ ನಿಂತೆ. ಅವರು ಮತ್ತೆ ಕೈ ಎತ್ತಿ, ಈಗ ಹೇಳಿ ಯಜಮಾನ್ರೇ ಎಂದರು.

ನಮ್ಮವರು ಮುಖವನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಬೆರಳಿನ ಮಾತೇ ಎತ್ತಲಿಲ್ಲ. ನಾನು ಎದ್ದುಹೋದ ಜಾಗವನ್ನು ಕೈಯಿಂದ ತಡವಿ ನೋಡಿದರು.

"ಎಲ್ಲಿ ಹೋದೆ?" ಎಂದರು.

ನಾನು ಅವರ ಎದುರಿಗೇ, ನಾಲ್ಕು ಹೆಜ್ಜೆ ದೂರದಲ್ಲಿ, ಕಿಟಕಿಯ ಬಿಸಿಲಿನಲ್ಲಿ ನಿಂತಿದ್ದೆ.